ಅಪ್ಪನ ಲೈಬ್ರಿ

“ಅಲ್ಲಿಗೊಂದ್ಸಲ ಹೋಗ್ಬರ್ಬೇಕಿತ್ತಮ್ಮ,” ಎಂದರು ಅಪ್ಪ, ಓದಿ ಮುಗಿಸಿದ ಪುಸ್ತಕವನ್ನು ಎದೆಗೊತ್ತಿಕೊಂಡು. “ಅದೇ... ಪುಸ್ತಕ ಕೊಡೋ ಕಡೆ.”

ನಾಳೆಯ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದ ಮಗಳ ಪೆನ್ನು ನಿಂತಿತು. ಮೂವತ್ತು ವರ್ಷ ಲೈಬ್ರರಿಯಲ್ಲಿ ಅಟೆಂಡರಾಗಿದ್ದ ಅಪ್ಪ ಆ ಹೆಸರನ್ನೇ ಎತ್ತುವುದಿಲ್ಲ. ಮೊದಲೆಲ್ಲ ಬಾಯ್ತುಂಬ ‘ಲೈಬ್ರಿ’ ಎನ್ನುತ್ತಿದ್ದರು. ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಗೆಳತಿಯರೆದುರು, “ಅಯ್ಯೋ, ಲೈಬ್ರರಿ ಅನ್ನಪ್ಪಾ, ಮಾನ ಹೋಗುತ್ತೆ!” ಎಂದು ನಕ್ಕುಬಿಟ್ಟಿದ್ದಳು. ಅಪ್ಪನೂ ನಕ್ಕಿದ್ದರು. ಆಮೇಲೆ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ.

ನಾಳೆ ಕಾಲೇಜಿನಲ್ಲಿ ಅವಳು ಹೇಳಬೇಕಾದ ಭಾಷಾವಿಜ್ಞಾನದ ಪಾಠವೂ ಅದೇ. ಒಂದೇ ಬಗೆಯ ಎರಡು ಸದ್ದು ಹತ್ತಿರ ಬಂದರೆ, ಕಾಲ ಕಳೆದಂತೆ ಒಂದು ಬೇರೆಯಾಗಿಯೋ ಕರಗಿಯೋ ಇನ್ನೊಂದಕ್ಕೆ ಜಾಗ ಬಿಡುತ್ತದೆ, ‘ಲೈಬ್ರರಿ’ಯ ಒಂದು ‘ರ’ ಕರಗಿ ‘ಲೈಬ್ರಿ’ಯಾದಂತೆ. ಅದು ತಪ್ಪಲ್ಲ; ಎಲ್ಲ ಭಾಷೆಯವರ ನಾಲಿಗೆಯೂ ಹಾಗೆಯೇ.

ಅವಳು ಎದ್ದು ಅಪ್ಪನ ಚಪ್ಪಲಿ ತಂದು ಕಾಲ ಬಳಿ ಇಟ್ಟಳು. “ನಡಿಯಪ್ಪಾ, ಲೈಬ್ರಿ ಬಾಗಿಲು ಹಾಕೋದ್ರೊಳಗೆ ಹೋಗ್ಬರೋಣ.”

ಅಪ್ಪ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು.

“ಅವಸರ ಏನಿಲ್ಲ ಬಿಡು,” ಎಂದರು ಚಪ್ಪಲಿಗೆ ಕಾಲು ತೂರಿಸುತ್ತ. “ನಮ್ಮ ಲೈಬ್ರಿ ಎಂಟರ ತನಕ ತೆಗ್ದಿರುತ್ತೆ.”