ಹನ್ನೆರಡು ಮಂದಿಯ ಹಾಡು

"ಬಾಯಿ ತೆಗಿ. ದನಿ ಮಾತ್ರ ತೆಗೀಬೇಡ."

ಸಂಗೀತದ ರಮಾಬಾಯಿ ಟೀಚರ್ ಇದನ್ನು ಬೈದು ಹೇಳಲಿಲ್ಲ. ಸ್ಟಾಫ್ ರೂಮಿನ ಹಿಂದಿನ ವರಾಂಡಕ್ಕೆ ಕರೆದು, ಬಾಗಿಲು ಮುಂದಕ್ಕೆಳೆದು, ಜ್ವರದ ಮಗುವಿಗೆ ಔಷಧಿ ಕುಡಿಸುವಷ್ಟು ನಯವಾಗಿ ಹೇಳಿದರು. ಒಂಬತ್ತನೇ ತರಗತಿಯ ತನುಶ್ರೀ ತಲೆಯಾಡಿಸಿದಳು. ಅವಳ ದನಿ ಶ್ರುತಿಯಿಂದ ಒಂದೆಳೆ ಕೆಳಗಿಳಿಯುತ್ತದಂತೆ. ಅದರಿಂದ ಹಾಡೇ ಕದಡುತ್ತದಂತೆ. ತಂಡದಿಂದ ಕೈಬಿಡೋಣವೆಂದರೆ ಸ್ಪರ್ಧೆಯ ನಿಯಮ ಅಡ್ಡ ಬರುತ್ತದೆ. ವೇದಿಕೆಯ ಮೇಲೆ ಹನ್ನೆರಡು ಮಂದಿ ಇರಲೇಬೇಕು.

"ನಿನ್ನೊಬ್ಬಳಿಗೇ ಹೇಳ್ತಿರೋದು. ಯಾರ ಹತ್ರಾನೂ ಬಾಯಿ ಬಿಡಬೇಡ, ಉಳಿದವರ ಧೈರ್ಯ ಕೆಡುತ್ತೆ."

ಅದು ೧೯೯೯. ತಮಿಳು ಸೀಮೆಯ ಪೆರಂಬೂರಿನ ಆ ಪ್ರೌಢಶಾಲೆಯ ಕನ್ನಡದ ಮಕ್ಕಳಿಗೆ ಎರಡು ತಂಡಗಳಿದ್ದವು. ಮೊದಲು ಆರಿಸಿಕೊಳ್ಳುವ ಹಕ್ಕು ನಾಟಕದ ಶ್ರೀನಾಥ್ ಮೇಷ್ಟ್ರದು. ಅಭಿನಯ ಬರುವುದಿಲ್ಲವೆಂದು ಅವರು ಬಿಟ್ಟವರೆಲ್ಲ ಹಾಡಿಗೆ. ಮೂರು ವರ್ಷದಿಂದ ಅಂತರಶಾಲಾ ಸ್ಪರ್ಧೆಯಲ್ಲಿ ನಾಟಕದವರು ಫಲಕ ತರುತ್ತಿದ್ದರು. ಹಾಡಿನವರು ಭಾಗವಹಿಸಿದ್ದಕ್ಕೆ ಕಾಗದ ತರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಇಬ್ಬರ ಕುರ್ಚಿಗಳೂ ಅಕ್ಕಪಕ್ಕ. ರಮಾಬಾಯಿ ಈ ಸಲ ಹಠ ಹಿಡಿದಿದ್ದರು.

ತನುಶ್ರೀ ಹೊರಗೆ ಬಂದಾಗ ಗೆಳತಿ ವೀಕ್ಷಾ ಏನಾಯಿತೆಂದು ಕೇಳಿದಳು. ಉಚ್ಚಾರ ತಿದ್ದಿದರು ಎಂದು ತನುಶ್ರೀ ಸುಳ್ಳು ಹೇಳಿದಳು. ವೀಕ್ಷಾ ನಂಬಿದಳು. ತಂಡದಲ್ಲಿ ವೀಕ್ಷಾಳದ್ದೇ ಒಳ್ಳೆಯ ಕಂಠ. ಅಂಥವರಿಗೆ ಬೇರೆಯವರ ಕಷ್ಟ ಬೇಗ ಹೊಳೆಯುವುದಿಲ್ಲ.

ಮನೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಅಪ್ಪ ಕಾಂತಪ್ಪ ಕುಂದಾಪುರದ ಕಡೆಯವರು, ಸಸ್ಯಾಹಾರಿ ಹೋಟೆಲೊಂದರಲ್ಲಿ ಕಾಫಿ ಮಾಡುವವರು. ಮಗಳು ಹಾಡುತ್ತಾಳೆಂದು ಅಡುಗೆಮನೆಯಿಂದ ಮಾಲೀಕರ ತನಕ ಎಲ್ಲರಿಗೂ ಹೇಳಿಯಾಗಿತ್ತು.

"ಎದುರಿನ ಸಾಲಲ್ಲಿ ನಿಲ್ಲುವುದಾ ನೀನು? ಹಾಗಾದ್ರೆ ಸ್ಪರ್ಧೆಯ ದಿನ ರಜೆ ಹಾಕಿ ಬರ್ತೇನೆ ಮಗಳೇ."

ಬರಬೇಡಿ ಅನ್ನಲು ಅವಳಿಗೆ ಕಾರಣವೇ ಸಿಗಲಿಲ್ಲ.

ಅವತ್ತಿನಿಂದ ತನುಶ್ರೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಹುಬ್ಬು ಏರಿಸಬೇಕು, ದೀರ್ಘಕ್ಕೆ ಬಾಯಿ ಎಷ್ಟಗಲ ತೆರೆಯಬೇಕು ಎಲ್ಲ ಕಲಿತಳು. ಹಾಡಿದ್ದರೂ ಇಷ್ಟು ದುಡಿಯಬೇಕಿರಲಿಲ್ಲ.

ರಮಾಬಾಯಿ ದಿನಕ್ಕೊಬ್ಬರನ್ನು ವರಾಂಡಕ್ಕೆ ಕರೆಯುತ್ತಿದ್ದರು. ಒಂದು ದಿನ ಮೌನ ಎಂಬ ಹುಡುಗಿ ಹೋಗಿ ಬಂದಳು, ಇನ್ನೊಂದು ದಿನ ಹಿಂದಿನ ಸಾಲಿನ ನಂಜುಂಡ. ಅವನ ಕಿವಿ ಕೆಂಪಾಗಿತ್ತು. ಕೇಳಿದರೆ, ಉಚ್ಚಾರದ ವಿಷಯ ಎಂದ. ಅವನಿಗಾದರೂ ನಿಜವಾದ ಪಾಠ ಸಿಕ್ಕಿತಲ್ಲ ಎಂದು ತನುಶ್ರೀಗೆ ಹೊಟ್ಟೆಯುರಿಯಿತು.

ಹಾಡು ದಿನದಿಂದ ದಿನಕ್ಕೆ ತಿಳಿಯಾಗುತ್ತ ಹೋಯಿತು. ಪಕ್ಕದಲ್ಲೇ ನಿಲ್ಲುವ ವೀಕ್ಷಾಳ ದನಿ, ಮುಂದೆ ಹಾರ್ಮೋನಿಯಂ, ಇವೆರಡರ ನಡುವೆ ತನುಶ್ರೀಗೆ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಒಂದು ಸಂಜೆ ಹೆಡ್‌ಮಾಸ್ಟರು ಸತ್ಯನಾರಾಯಣ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು.

"ಹನ್ನೆರಡು ಜನ ಹಾಡಿದ ಹಾಗೇ ಇಲ್ಲ ಟೀಚರ್. ಒಂದೇ ಕಂಠ."

"ಅದಕ್ಕೇ ಸರ್ ಇಷ್ಟು ಕಷ್ಟಪಟ್ಟಿದ್ದು" ಎಂದರು ರಮಾಬಾಯಿ.

ಆ ಸಾಧನೆಯಲ್ಲಿ ತನ್ನ ಪಾಲೇನಿದ್ದರೂ ಬಾಯಿ ಮುಚ್ಚಿಕೊಂಡಿದ್ದಷ್ಟೇ ಎಂದು ತನುಶ್ರೀ ತಲೆ ತಗ್ಗಿಸಿದಳು.

ಕೊನೆಗೆ ಒಂದು ಶನಿವಾರ ಅಡ್ಯಾರಿನ ಶಾಲೆಯೊಂದರಲ್ಲಿ ಸ್ಪರ್ಧೆ. ಶ್ರೀನಾಥ್ ಮೇಷ್ಟ್ರ ನಾಟಕ ಮೊದಲೇ ಮುಗಿದು, ಚಪ್ಪಾಳೆ ಗಿಟ್ಟಿಸಿಕೊಂಡಿತ್ತು. ರಮಾಬಾಯಿ ಹಾರ್ಮೋನಿಯಂ ಜೊತೆ ಆಗಲೇ ವೇದಿಕೆಯ ಬದಿಗೆ ಹೋಗಿ ಕುಳಿತಿದ್ದರು. ಮಕ್ಕಳು ಪರದೆಯ ಹಿಂದೆ ಸಾಲಾಗಿ ನಿಂತಾಗ ವೀಕ್ಷಾ ತನುಶ್ರೀಯ ಕೈ ಹಿಡಿದು ಪಕ್ಕಕ್ಕೆಳೆದಳು. ಬೆಳಗಿನಿಂದ ಅವಳು ಮಾತಾಡಿರಲಿಲ್ಲ. ಯಾಕೆಂದು ಈಗ ಗೊತ್ತಾಯಿತು. ಗಂಟಲಿನಿಂದ ಪಿಸುದನಿ ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ.

"ಟೀಚರ್‌ಗೆ ಹೇಳ್ಬೇಡ, ಪ್ಲೀಸ್. ಸುಮ್ನೆ ಬಾಯಾಡಿಸ್ತೀನಿ. ನೀವೆಲ್ಲ ಇದ್ದೀರಲ್ಲ, ಯಾರಿಗ್ ಗೊತ್ತಾಗುತ್ತೆ?"

ತನುಶ್ರೀ ಪರದೆಯ ಕಡೆ ತಿರುಗಿದಳು. ತನ್ನ ಗುಟ್ಟು ಹೇಳಿಬಿಡೋಣವೇ? ಪರದೆಯ ಸಂದಿಯಿಂದ ಇಣುಕಿದಳು. ಮೂರನೇ ಸಾಲಿನಲ್ಲಿ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹೋಟೆಲಿನ ಇಬ್ಬರನ್ನೂ ಕರೆದುಕೊಂಡು ಬಂದಿದ್ದರು. ಒಮ್ಮೆಗೇ ಅವಳಿಗೆ ಬೇರೆ ಆಸೆ ಹುಟ್ಟಿತು. ವೀಕ್ಷಾಳ ಜಾಗ ಖಾಲಿಯಿದೆ. ಇವತ್ತೊಂದು ದಿನ ತಾನೇ ಹಾಡಿದರೆ?

ಅವಳು ಉಸಿರೆಳೆದುಕೊಂಡಳು. ಶ್ರುತಿಯಿಂದ ಒಂದೆಳೆ ಕೆಳಗೆ. ಎರಡು ತಿಂಗಳ ಎಲ್ಲರ ದುಡಿಮೆ ತನ್ನೊಬ್ಬಳಿಂದ ಹಾಳಾಗಬೇಕೆ? ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟಳು. ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಳು. ವೀಕ್ಷಾ ಇಲ್ಲ, ತಾನಿಲ್ಲ. ಇನ್ನೂ ಹತ್ತು ಮಂದಿ ಇದ್ದಾರೆ. ಹತ್ತು ಮಂದಿ ಏನು ಕಡಿಮೆಯೇ?

"ಏನೂ ಆಗಲ್ಲ ಬಿಡು" ಎಂದು ವೀಕ್ಷಾಳ ಕೈ ಒತ್ತಿದಳು. "ಜೋರಾಗಿ ಹಾಡ್ತೀವಿ."

ಪರದೆ ಸರಿಯಿತು. ಅಪ್ಪ ಪಕ್ಕದವರನ್ನು ಮೊಣಕೈಯಿಂದ ತಿವಿದು ಮಗಳನ್ನು ತೋರಿಸಿದರು. ರಮಾಬಾಯಿ ಹಾರ್ಮೋನಿಯಂನಲ್ಲಿ ಪಲ್ಲವಿ ಶುರುವಾಗುವ ಕಡೆ ತಲುಪಿ, ನಗುತ್ತ ಸನ್ನೆ ಕೊಟ್ಟರು. ಹನ್ನೆರಡು ಮುಖಗಳು ಅರಳಿದವು. ಹನ್ನೆರಡು ಜೊತೆ ಹುಬ್ಬುಗಳು ಏರಿದವು. ಹನ್ನೆರಡು ಬಾಯಿಗಳು ಒಂದೇ ಸಲ, ಒಂದೇ ಅಳತೆಗೆ, ಬಲು ಚೆಂದವಾಗಿ ತೆರೆದುಕೊಂಡವು.

ತುಂಬಿದ ಸಭಾಂಗಣದಲ್ಲಿ ಕೇಳಿಸಿದ್ದು ಹಾರ್ಮೋನಿಯಂ, ಮತ್ತೆ ಫ್ಯಾನು ತಿರುಗುವ ಸದ್ದು.