ಐದರ ಮುಕ್ಕಾಲು

ಗಡಿಯಾರ ಬಿಡಿಸಲು ಹೇಳಿದ್ದಕ್ಕೆ ಮೀನುಗಾರ ಕುಪ್ಪನ ನಡುಗುವ ಪೆನ್ಸಿಲು ಹನ್ನೆರಡೂ ಅಂಕಿಗಳನ್ನು ಒಂದೇ ಬದಿಗೆ ಗುಡ್ಡೆ ಹಾಕಿತು. ಭಾವಿಕೇರಿಯ ಕಡಲಂಚಿನ ಶಿಬಿರಕ್ಕೆ ಬಂದಿದ್ದ ಡಾಕ್ಟರು ಅವನ ಮೆದುಳಿನ ಸ್ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವನ ಮಗಳು ಕಾಶಿಗೆ ಹೇಳಿದರು: "ಪಾರ್ಕಿನ್ಸನ್ ಕೈ ದಾಟಿ ಬುದ್ಧಿಗೂ ತಟ್ಟಿದೆ. ಇನ್ನು ದೋಣಿಗೆ ಕಳಿಸಬೇಡಿ." ಅದನ್ನೇ ಚೀಟಿಯಲ್ಲೂ ಬರೆದರು.

ಕುಪ್ಪ ಅದೇ ಕಿಟಕಿಯಿಂದ ಹೊರಗೆ ನೋಡಿದ. "ಉಸುಕಿನ ಮೇಲಿದ್ದ ಕಾರು ನಿಮ್ದೇನ್ರಾ? ಬೇಗ ತೆಗೀರಿ. ಇವತ್ತು ಪಂಚಮಿ, ಐದನೇ ತಿಥಿ. ಒಂದು ತಿಥಿಗೆ ಮುಕ್ಕಾಲು ತಾಸು; ಐದರ ಮುಕ್ಕಾಲು ಅಂದ್ರೆ ಮೂರೂ ಮುಕ್ಕಾಲಿಗೆ ಭರತಿ ತುಂಬಿ ಸಮುದ್ರ ಇಲ್ಲೀವರೆಗೆ ಬರ್ತದೆ."

ಡಾಕ್ಟರು ಓಡಿದರು. ನೀರು ಆಗಲೇ ಗಾಲಿ ಮುಟ್ಟಿತ್ತು.

ಒದ್ದೆ ಪ್ಯಾಂಟಿನಲ್ಲಿ ಮರಳಿದವರು ಕುಪ್ಪನ ಚೀಟಿಯಲ್ಲಿ ದೋಣಿಯ ಸಾಲನ್ನು ಹೊಡೆದುಹಾಕಿದರು. ಮುಂದಿನ ಮೀನುಗಾರನಿಗೆ ಪೆನ್ಸಿಲು ಕೊಡದೆ ಕೇಳಿದರು: "ಇವತ್ತು ಭರತಿ ಎಷ್ಟು ಹೊತ್ತಿಗೆ?"

"ನಾಳೇದು ಕೇಳಿ ಡಾಕ್ಟ್ರೇ," ಬಾಗಿಲಲ್ಲಿ ನಿಂತ ಕುಪ್ಪ ನಕ್ಕ. "ಇವತ್ತಿಂದು ನಾ ಹೇಳಾಯ್ತಲ್ರಾ!"