ಕಪ್ಪು ಎಣ್ಣೆಯ ಬಟ್ಟಲು

“ಮೊದಲು ನೀನು ತಿನ್ನು,” ಎಂದು ಎಂಗೆಲ್ಬರ್ಟ್ ಬಟ್ಟಲನ್ನು ಹೆಂಡತಿ ರೋಸ್ವಿತಾಳ ಕಡೆ ತಳ್ಳಿದ.

ಬಟ್ಟಲಲ್ಲಿದ್ದದ್ದು ಬೇಯಿಸಿದ ಅವರೆ, ಈರುಳ್ಳಿ, ಮೇಲೆ ಕುಂಬಳಬೀಜದ ಎಣ್ಣೆ. ಸ್ಟೈರಿಯಾ ಸೀಮೆಯ ಆ ಎಣ್ಣೆ ಎಷ್ಟು ಕಪ್ಪೆಂದರೆ ಅದರಡಿ ಏನಿದ್ದರೂ ಕಾಣದು. ಅವಳು ಮೂರು ಚಮಚ ತಿಂದಳು. ಅವನು ಕಣ್ಣು ಕೀಳದೆ ನೋಡಿದ. ಆಮೇಲೆ ಉಳಿದದ್ದನ್ನು ಡಬ್ಬಿಗೆ ಸುರಿದುಕೊಂಡು ಹೊರಟುಹೋದ.

ಎರಡು ವರ್ಷದ ಹಿಂದೆ ಅವನ ತಲೆ ಬೋಳಾಗತೊಡಗಿತ್ತು. ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದುವವನು, ಜನರೆದುರು ಟೋಪಿ ತೆಗೆಯಲು ನಾಚುತ್ತಿದ್ದ. ಡಾಕ್ಟರು, ಮಾತ್ರೆ ಎಲ್ಲದರ ಸಹವಾಸವನ್ನೇ ಬಿಟ್ಟು ಗಿಡಮೂಲಿಕೆ ಹಿಡಿದ. ಬೆಳಿಗ್ಗೆ ಒಂದು ಹಿಡಿ ಕುಂಬಳಬೀಜ, ಮಧ್ಯಾಹ್ನ ತುರಿಕೆಸೊಪ್ಪಿನ ಸಾರು, ಮಲಗುವಾಗ ತಲೆಗೆ ರೋಸ್‌ಮೆರಿ ಕಷಾಯ. ಆರು ತಿಂಗಳಲ್ಲಿ ಕೂದಲು ಬಂತು! ಹೋಟೆಲಿನಲ್ಲಿ ಕೂತವರ ಮುಂದೆಲ್ಲ ತಲೆ ಬಗ್ಗಿಸಿದ. “ಎಳೆದು ನೋಡ್ರಪ್ಪಾ, ಅಂಟಿಸಿದ್ದಲ್ಲ!”

ಈಗ ಮೂರು ತಿಂಗಳಿಂದ ಮತ್ತೆ ಉದುರುತ್ತಿತ್ತು. ಅದೇ ಬೀಜ, ಅದೇ ಸೊಪ್ಪು, ಅದೇ ಎಣ್ಣೆ. ಅನುಮಾನ ಬಡಿಸುವ ಕೈಯ ಮೇಲೆ ಬಿತ್ತು.

ಅನುಮಾನ ಸುಳ್ಳಾಗಿರಲಿಲ್ಲ. ಕೆಲವು ತಿಂಗಳ ಹಿಂದೆ ಕೊಟ್ಟಿಗೆಯ ಹತ್ತಿರ ಅವನು ಒಮ್ಮೆ ಕುಸಿದುಬಿದ್ದಿದ್ದ; ಆ ದಿನವೇ ರೋಸ್ವಿತಾ ಒಂದು ತೀರ್ಮಾನಕ್ಕೆ ಬಂದಿದ್ದಳು. ಅಂದಿನಿಂದ ತಿಂಗಳಿಗೊಮ್ಮೆ ಬಸ್ಸು ಹತ್ತಿ, ತನ್ನ ಗುರುತು ಯಾರಿಗೂ ಇಲ್ಲದ ಊರಿಗೆ ಹೋಗಿ ಬರುತ್ತಿದ್ದಳು. ಪುಡಿ ಬೆರೆಸಿದ ಮೇಲೆ ಕುಟ್ಟಾಣಿಯನ್ನು ಎರಡು ಸಲ ತೊಳೆಯುತ್ತಿದ್ದಳು. ಅವನಿಗೆ ಗೊತ್ತಾದರೆ ಎಲ್ಲ ಮುಗಿದಂತೆ.

ಡಬ್ಬಿ ಹೊತ್ತೊಯ್ದ ದಿನದಿಂದ ಎಂಗೆಲ್ಬರ್ಟ್ ತಾನೇ ಮೊಟ್ಟೆ ಬೇಯಿಸಿಕೊಂಡು ತಿಂದ. ಅವಳು ಮುಟ್ಟಿದ ನೀರನ್ನೂ ಕುಡಿಯಲಿಲ್ಲ. ಮೆಟ್ಟಿಲು ಹತ್ತುವಾಗ ಅವನ ಏದುಸಿರು ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ಅವಳು ಮೆಟ್ಟಿಲ ಬುಡಕ್ಕೆ ಬಂದು ನಿಲ್ಲುತ್ತಿದ್ದಳು.

ಎಂಟನೇ ದಿನ ಅವನ ತಂಗಿ ಗೆರ್ಲಿಂಡೆ ಲಕೋಟೆ ಹಿಡಿದು ಬಂದಳು. ಅವಳು ಪಟ್ಟಣದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೂ ಅವಳೇ.

“ಏನಾದ್ರೂ ಸಿಕ್ತಾ?”

“ಸಿಕ್ತು ಅಣ್ಣ.”

ರೋಸ್ವಿತಾ ಕುರ್ಚಿ ಎಳೆದು ಕೂತಳು.

“ಮೂವತ್ತು ವರ್ಷ ನಿನ್ನ ಕೈಯೂಟ ಉಂಡೆನಲ್ಲೇ!” ಎಂಗೆಲ್ಬರ್ಟ್ ಫೋನಿಗೆ ಕೈಹಾಕಿದ. “ಇನ್ನು ಪೊಲೀಸ್ರ ಹತ್ರ ಹೇಳ್ಕೋ, ನಡಿ.”

“ಫೋನ್ ಇಡು ಮೊದ್ಲು,” ಎಂದಳು ಗೆರ್ಲಿಂಡೆ. “ಅತ್ತಿಗೆ, ನೀನು ಹೇಳ್ತೀಯೋ, ನಾನೇ ಹೇಳ್ಲೋ?”

ರೋಸ್ವಿತಾ ತಲೆಯೆತ್ತಲಿಲ್ಲ. “ಹೇಳಿದ್ರೆ ಇವನು ನುಂಗಲ್ಲ ಕಣೇ.”

ಗೆರ್ಲಿಂಡೆ ಅಣ್ಣನ ಕಡೆ ತಿರುಗಿದಳು. “ಅದು ನಿನ್ನ ಹೃದಯದ ಮಾತ್ರೆ ಕಣೋ! ಕೂದಲು ಉದುರಿಸೋದೂ ಅದೇ. ಅವತ್ತು ನಿನ್ನ ಕೂದಲು ವಾಪಸ್ ಬಂದಿದ್ದು ನೀನು ಅದನ್ನ ಬಿಟ್ಟಿದ್ದಕ್ಕೆ. ನೀನು ಇವತ್ತಿಗೂ ಬದುಕಿರೋದು ಅತ್ತಿಗೆ ಅದನ್ನ ಬಿಡದೆ ಕೊಟ್ಟಿದ್ದಕ್ಕೆ.”